ನಾಚಿಮುತ್ತುವಿನ ಬೀಗದ ಮುಚ್ಚಳ

ನಾಮಕ್ಕಲ್‌ನಲ್ಲಿ ಮನುಷ್ಯ ಹರಿದ ಅಂಗಿ ತೊಟ್ಟು ಓಡಾಡಿದರೆ ಯಾರೂ ತಿರುಗಿ ನೋಡುವುದಿಲ್ಲ. ಅವನ ಲಾರಿ ಮಾತ್ರ ನೆಟ್ಟಗಿರಬೇಕು. ಕ್ಯಾಬಿನ್ನಿಗೆ ಹೊಸ ಬಣ್ಣ, ಬಂಪರಿಗೆ ನಿಂಬೆಹಣ್ಣು, ಹಿಂದುಗಡೆ ಎರಡು ಗಿಳಿ, ನಡುವೆ ಒಂದು ತಾವರೆ. ಇಷ್ಟಿದ್ದರೆ ಅವನು ಮರ್ಯಾದಸ್ಥ. ನಾಚಿಮುತ್ತುವಿಗೆ ಇದ್ದದ್ದು ಒಂದೇ ಲಾರಿ. ಬಣ್ಣವಿತ್ತು, ಗಿಳಿಗಳಿದ್ದವು, ತಾವರೆಯೂ ಇತ್ತು. ಡೀಸೆಲ್ ಟ್ಯಾಂಕಿಗೆ ಮುಚ್ಚಳ ಮಾತ್ರ ಇರಲಿಲ್ಲ.

ಮೊದಲು ಇತ್ತು. ಎರಡು ವರ್ಷದ ಹಿಂದೆ ಬಂಕಿನಲ್ಲಿ ಡೀಸೆಲ್ ಹಾಕಿಸುವಾಗ ಅದನ್ನು ಬಿಚ್ಚಿ ಟ್ಯಾಂಕಿನ ಮೇಲಿಟ್ಟು, ಹಾಗೇ ಮರೆತು ಹೊರಟುಬಿಟ್ಟಿದ್ದರು. ಅದು ಯಾವ ಊರಿನ ಯಾವ ತಿರುವಿನಲ್ಲಿ ಬಿತ್ತೋ ಆ ಊರಿಗೇ ಗೊತ್ತು. ಲಾರಿ ಓಡಿಸುತ್ತಿದ್ದವನು ಸೆಂಗೋಡನ್, ನಾಚಿಮುತ್ತುವಿನ ಹೆಂಡತಿ ಪಾವಾಯಿಯ ಒಬ್ಬನೇ ತಮ್ಮ. ಅವನು ಅಕ್ಕನ ಹಳೆಯ ಸೀರೆಯ ಒಂದು ತುಂಡನ್ನು ನಾಲ್ಕು ಮಡಿಕೆ ಮಾಡಿ ಟ್ಯಾಂಕಿನ ಬಾಯಿಗೆ ತುರುಕಿ, ಮೇಲೊಂದು ತಗಡಿನ ಡಬ್ಬಿಯ ಮುಚ್ಚಳ ಕವುಚಿ, ಸೈಕಲ್ ಟ್ಯೂಬಿನಿಂದ ಬಿಗಿದು ಕಟ್ಟಿದ. ನೋಡಲು ತಲೆಗೆ ಪೆಟ್ಟು ಬಿದ್ದವನ ಪಟ್ಟಿಯ ಹಾಗಿತ್ತು. ಆದರೆ ಎರಡು ವರ್ಷ ಆ ಲಾರಿ ಮೊಟ್ಟೆ ಹೊತ್ತುಕೊಂಡು ವಾರಕ್ಕೊಮ್ಮೆ ತ್ರಿಶೂರಿಗೆ ಹೋಗಿ ಬಂತು. ಒಂದು ದಿನವೂ ಕೆಮ್ಮಲಿಲ್ಲ.

ಆ ಮೊಟ್ಟೆಯ ಬಾಡಿಗೆಯೇ ಮನೆಯ ಅನ್ನ. ತ್ರಿಶೂರಿನ ವ್ಯಾಪಾರಿ ಔಸೇಫ್ ಮುದಲಾಳಿ ಮೊದಲ ದಿನವೇ ಫೋನಿನಲ್ಲಿ ಕಟ್ಟುಪಾಡು ಹೇಳಿಬಿಟ್ಟಿದ್ದರು: "ಸಂಜೆ ನಾಲ್ಕರೊಳಗೆ ಮೊಟ್ಟೆ ನನ್ನ ಅಂಗಡೀಲಿ ಇಳೀಬೇಕು. ಒಂದು ಸಲ ತಡವಾದ್ರೆ ಕೇಳ್ತೀನಿ. ಎರಡನೇ ಸಲ ಬೈತೀನಿ. ಮೂರನೇ ಸಲ ಕೇಳೋದೂ ಇಲ್ಲ, ಬೈಯೋದೂ ಇಲ್ಲ, ಬೇರೆ ಲಾರಿ ನೋಡ್ಕೋತೀನಿ." ಎರಡು ವರ್ಷದಲ್ಲಿ ಅವರಿಗೆ ಕೇಳುವ ಸಂದರ್ಭವೇ ಬಂದಿರಲಿಲ್ಲ.

ಎಲ್ಲ ಕೆಟ್ಟದ್ದು ಒಂದು ಲೋಟ ಚಹಾದಿಂದ. ಲಾರಿ ಮಾಲೀಕರ ಸಂಘದ ಕಾರ್ಯದರ್ಶಿ ವೈಯಾಪುರಿ, ಒಂಬತ್ತು ಲಾರಿಗಳ ಒಡೆಯ, ಚಹಾದಂಗಡಿಯ ಮುಂದೆ ಕೂತಿದ್ದವನು ನಾಚಿಮುತ್ತುವಿನ ಲಾರಿಯನ್ನು ಮೇಲಿಂದ ಕೆಳಗೆ ನೋಡಿದ.

"ಏನ್ ನಾಚಿಮುತ್ತು, ನಿನ್ನ ಲಾರಿ ಸ್ನಾನಕ್ಕೆ ಹೊರಟಿದ್ಯಾ? ಸೀರೆ ಸುತ್ಕೊಂಡು ನಿಂತಿದೆ."

ಹತ್ತು ಜನ ನಕ್ಕರು. ನಾಚಿಮುತ್ತುವೂ ಅವರ ಜೊತೆ ನಕ್ಕ. ತನ್ನ ಬಗ್ಗೆ ಯಾರಾದರೂ ನಕ್ಕರೆ ತಾನೂ ನಗುವುದು ಅವನ ಅಭ್ಯಾಸ. ಅರ್ಥವಾಗುವುದು ಮನೆಗೆ ಹೋದ ಮೇಲೆ.

"ನಗೋದಲ್ಲ ಕಣೋ," ಎಂದ ವೈಯಾಪುರಿ. "ಬಾಯಿ ತೆರೆದ ಟ್ಯಾಂಕು, ಹೆಂಡತಿ ತಮ್ಮ ಡ್ರೈವರು. ಡೀಸೆಲ್ ಎಲ್ಲಿ ಹೋಗುತ್ತೆ ಅಂತ ಎಂದಾದ್ರೂ ಅಳೆದು ನೋಡಿದ್ಯಾ?"

ನಾಚಿಮುತ್ತು ಅಳೆದಿರಲಿಲ್ಲ. ಮನೆಗೆ ಹೋದವನಿಗೆ ಮೊದಲು ಸೀರೆಯ ಮಾತು ಅರ್ಥವಾಯಿತು, ಆಮೇಲೆ ಡೀಸೆಲ್ಲಿನ ಮಾತು. ಎರಡೂ ಸೇರಿ ಅವನಿಗೆ ಊಟ ಸೇರಲಿಲ್ಲ. ಬೆಳಗಾಗುತ್ತಲೇ ಲಾರಿಯ ಬಿಡಿಭಾಗಗಳ ಅಂಗಡಿಗೆ ಹೋದ.

ಅಂಗಡಿಯವನು ಒಂದು ಮುಚ್ಚಳ ತೆಗೆದಿಟ್ಟ. "ಇದು ನಿಮ್ಮ ಗಾಡಿದೇ. ಸರಿಯಾಗಿ ಕೂರುತ್ತೆ."

ನಾಚಿಮುತ್ತು ಅದನ್ನು ಬೆಳಕಿಗೆ ಹಿಡಿದು ನೋಡಿದ. "ಇದರಲ್ಲಿ ತೂತಿದೆಯಲ್ಲ."

"ಇರ್ಬೇಕು. ಕಂಪನಿಯವರೇ ಕೊಟ್ಟಿರೋದು."

"ತೂತು ಮುಚ್ಚೋದಕ್ಕೆ ಮುಚ್ಚಳ ತಗೊಳ್ಳೋದು. ಮುಚ್ಚಳದಲ್ಲೇ ತೂತಿದ್ರೆ ಅದನ್ನ ಮುಚ್ಚೋದಕ್ಕೆ ಇನ್ನೊಂದು ತಗೊಳ್ಳಲಾ?"

ಇಷ್ಟು ಬುದ್ಧಿವಂತಿಕೆಯ ಮಾತು ತನ್ನ ಬಾಯಿಂದ ಬಂದದ್ದು ಕೇಳಿ ನಾಚಿಮುತ್ತುವಿಗೇ ಆಶ್ಚರ್ಯವಾಯಿತು. ಅಂಗಡಿಯವನು ಉತ್ತರ ಕೊಡುವ ಮೊದಲೇ ಅವನ ಕಣ್ಣು ಗಾಜಿನ ಕಪಾಟಿನೊಳಗೆ ಬಿತ್ತು. ಅಲ್ಲಿ ಒಂದು ಮುಚ್ಚಳ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಡುವೆ ಬೀಗ, ಒಳಗೆ ಹೆಬ್ಬೆರಳಿನ ದಪ್ಪ ರಬ್ಬರು. ಎಲ್ಲಿ ಹುಡುಕಿದರೂ ತೂತಿಲ್ಲ.

"ಅದು ಬೇರೆ ತರದ ಟ್ಯಾಂಕಿಗೆ," ಎಂದ ಅಂಗಡಿಯವನು. "ಆ ಟ್ಯಾಂಕಲ್ಲಿ ಗಾಳಿಗೆ ಬೇರೆ ಕೊಳವೆ..."

ನಾಚಿಮುತ್ತು ಆಗಲೇ ಅದರಲ್ಲಿ ತನ್ನ ಮುಖ ನೋಡಿಕೊಳ್ಳುತ್ತಿದ್ದ. ಮೀಸೆ ಸ್ವಲ್ಪ ಅಗಲವಾಗಿ ಕಂಡರೂ ಒಟ್ಟಿನಲ್ಲಿ ಚೆನ್ನಾಗಿತ್ತು. ಅಂಗಡಿಯವನು ಮಾತು ಅಲ್ಲಿಗೇ ನಿಲ್ಲಿಸಿದ. ಆ ಮುಚ್ಚಳ ಮೂರು ವರ್ಷದಿಂದ ಮಾರಾಟವಾಗದೆ ಕೂತಿತ್ತು.

ಅದರ ಜೊತೆಗೆ ಎರಡು ಕೀಲಿ ಬಂದವು. ನಾಚಿಮುತ್ತು ಲಾರಿಯನ್ನು ಚಹಾದಂಗಡಿಯ ಮುಂದೆಯೇ ನಿಲ್ಲಿಸಿ, ಎಲ್ಲರೂ ನೋಡುವಂತೆ ಸೀರೆಯ ತುಂಡನ್ನು ಕಿತ್ತು, ಹೊಸ ಮುಚ್ಚಳ ಹಾಕಿ, ಕೀಲಿ ತಿರುಗಿಸಿದ. ಕಟಕ್ ಎಂದಿತು. ವೈಯಾಪುರಿ ಎದ್ದು ಬಂದು ಎಳೆದು ನೋಡಿ, "ಗಟ್ಟಿ ಇದೆ," ಎಂದ.

"ಎರಡು ಕೀಲಿ ಇದ್ರೆ ಎರಡು ಕೈ ಸೇರುತ್ತೆ," ಎಂದು ನಾಚಿಮುತ್ತು ಒಂದನ್ನು ಎತ್ತಿ ಪಕ್ಕದ ಬಾವಿಗೆ ಎಸೆದ. ಇನ್ನೊಂದನ್ನು ಸೊಂಟದ ಉಡಿದಾರಕ್ಕೆ ಕಟ್ಟಿಕೊಂಡ. ಬಾವಿಯಲ್ಲಿ ಗುಳುಕ್ ಎಂದ ಸದ್ದಿಗೆ ಜನ ತಲೆದೂಗಿದರು. ಅಷ್ಟು ಹೊತ್ತಿಗೆ ಅವನು ಹತ್ತು ಲಾರಿಯ ಒಡೆಯನಂತೆ ಕಾಣುತ್ತಿದ್ದ.

ಬುಧವಾರ ಬೆಳಿಗ್ಗೆ ಸೆಂಗೋಡನ್ ಮೊಟ್ಟೆ ತುಂಬಿಸಿಕೊಂಡು ಮನೆಯ ಮುಂದೆ ಲಾರಿ ನಿಲ್ಲಿಸಿ ಒಳಗೆ ಬಂದ. ಪಾವಾಯಿ ತಮ್ಮನಿಗೆ ಸಜ್ಜೆ ಅಂಬಲಿ ಬಗ್ಗಿಸುತ್ತಿದ್ದಳು.

"ಮಾಮ, ಮುಚ್ಚಳದ ಕೀಲಿ ಕೊಡಿ," ಎಂದ ಭಾವನಿಗೆ.

"ಅದು ನನ್ನ ಹತ್ರಾನೇ ಇರುತ್ತೆ ಮಚ್ಚಾನ್. ನಿನ್ನ ಮೇಲೆ ಅನುಮಾನ ಅಂತಲ್ಲ," ಎಂದ ನಾಚಿಮುತ್ತು ಭಾಮೈದನಿಗೆ.

ಪಾವಾಯಿಯ ಕೈಯ ಸೌಟು ನಿಂತಿತು. ಸೆಂಗೋಡನ್ ಅಂಬಲಿಯ ತಟ್ಟೆ ಪಕ್ಕಕ್ಕಿಟ್ಟ.

"ಅನುಮಾನ ಅಂತ ನಾನಂದ್ನಾ?"

"ಅದನ್ನೇ ನಾನೂ ಹೇಳ್ತಿರೋದು. ಅನುಮಾನ ಇಲ್ಲ. ಅದಕ್ಕೇ ಕೀಲಿ ನನ್ನ ಹತ್ರ."

ಸೆಂಗೋಡನ್ ಎದ್ದು ಹೋದ. ಆ ಗಳಿಗೆಯಿಂದ ಪಾವಾಯಿ ಗಂಡನ ಜೊತೆ ಮಾತು ಬಿಟ್ಟಳು. ಹೇಳಬೇಕಾದದ್ದನ್ನೆಲ್ಲ ಕೊಟ್ಟಿಗೆಯ ಎಮ್ಮೆಗೆ ಹೇಳತೊಡಗಿದಳು.

"ಕೇಳಿದ್ಯಾ ತಾಯಿ? ನನ್ನ ತಮ್ಮ ಡೀಸೆಲ್ ಕುಡೀತಾನಂತೆ. ನಿನ್ನ ಹಾಲಿಗೂ ಒಂದು ಬೀಗ ಹಾಕಿಸ್ಬೇಕು. ಇನ್ನು ಮೇಲೆ ಯಾರನ್ನೂ ನಂಬೋ ಹಾಗಿಲ್ಲ."

ಎಮ್ಮೆ ಮೇವು ತಿನ್ನುತ್ತಿತ್ತು. ನಾಚಿಮುತ್ತು ಎಮ್ಮೆಗೆ ಏನೂ ಉತ್ತರ ಕೊಡಲಿಲ್ಲ.

ಒಂದೂಕಾಲು ಗಂಟೆ ಕಳೆಯುವಷ್ಟರಲ್ಲಿ ಫೋನ್ ಬಂತು. ತಿರುಚೆಂಗೋಡು ದಾಟಿ ಲಾರಿ ನಿಂತುಬಿಟ್ಟಿದೆ.

"ಡೀಸೆಲ್ ಇಲ್ವಾ?" ಎಂದು ನಾಚಿಮುತ್ತು ಕೇಳಿದ.

"ನೀವೇ ಬಂದು ನೋಡಿ ಮಾಮ. ಟ್ಯಾಂಕಿನ ವಿಷಯ ನನಗೆ ಗೊತ್ತಿಲ್ಲ."

ನಾಚಿಮುತ್ತು ಮೊಪೆಡ್ಡಿನ ಹಿಂದೆ ಡೀಸೆಲ್ ಅಳೆಯುವ ಬಿದಿರುಕೋಲು ಕಟ್ಟಿಕೊಂಡು ಹೊರಟ. ಲಾರಿ ಒಬ್ಬ ಎಳನೀರು ಮಾರುವ ಮುದುಕಿಯ ಗಾಡಿಯ ಮುಂದೆ ನಿಂತಿತ್ತು. ಸೆಂಗೋಡನ್ ನೆರಳಿನಲ್ಲಿ ಕೂತಿದ್ದ. ನಾಚಿಮುತ್ತು ಗಂಭೀರವಾಗಿ ಉಡಿದಾರದ ಕೀಲಿ ಹಿಡಿದುಕೊಂಡು ಟ್ಯಾಂಕಿಗೆ ಅಂಟಿ ನಿಂತ. ಉಡಿದಾರ ಗಿಡ್ಡವಿದ್ದದ್ದರಿಂದ ಬೀಗ ತೆಗೆಯಲು ಅವನು ಲಾರಿಯನ್ನು ಅಪ್ಪಿಕೊಂಡಂತೆ ನಿಲ್ಲಬೇಕಾಗುತ್ತಿತ್ತು. ಮುಚ್ಚಳ ತೆಗೆದ ಕೂಡಲೇ ಟ್ಯಾಂಕು "ಉಸ್ಸ್ಸ್" ಎಂದು ನಿಟ್ಟುಸಿರುಬಿಟ್ಟಿತು. ಕೋಲು ಇಳಿಸಿ ನೋಡಿದ. ಡೀಸೆಲ್ ಇರಬೇಕಾದಷ್ಟೂ ಇತ್ತು. ಹನಿಯೂ ಕಡಿಮೆಯಾಗಿರಲಿಲ್ಲ. ಅವನಿಗೆ ಸಂತೋಷವೂ ಆಯಿತು, ಸ್ವಲ್ಪ ನಿರಾಸೆಯೂ ಆಯಿತು.

"ಹೊರಡಿಸಿ ನೋಡು."

ಸೆಂಗೋಡನ್ ಇಂಜಿನ್ನಿಗೆ ಡೀಸೆಲ್ ಎಳೆಯುವ ಕೈಪಂಪು ನಾಲ್ಕು ಸಲ ಒತ್ತಿ, ಮೇಲೆ ಹತ್ತಿ ಕೀಲಿ ತಿರುಗಿಸಿದ. ಲಾರಿ ಒಂದೇ ಸಲಕ್ಕೆ ಎದ್ದಿತು.

ಎಳನೀರಿನ ಮುದುಕಿ ಮಚ್ಚು ಕೆಳಗಿಟ್ಟಳು. "ಒಂದು ಗಂಟೆಯಿಂದ ಈ ಹುಡುಗ ಏನೆಲ್ಲಾ ಮಾಡ್ದ, ಮಿಸುಕಲಿಲ್ಲ. ನೀನು ಬಂದು ತಬ್ಕೊಂಡ್ಯಪ್ಪ, ಉಸ್ ಅಂತು, ಎದ್ದೇಬಿಡ್ತು. ಒಡೆಯನ ಕೈಗುಣ ಅಂದ್ರೆ ಇದು."

ಸೆಂಗೋಡನ್ ಏನೋ ಹೇಳಲು ಬಾಯಿ ತೆರೆದವನು, ನಾಚಿಮುತ್ತು ಮುಚ್ಚಳದ ಬೀಗವನ್ನು ಎರಡೆರಡು ಸಲ ಎಳೆದು ನೋಡುವುದನ್ನು ಕಂಡು ಬಾಯಿ ಮುಚ್ಚಿಕೊಂಡ.

ನಾಚಿಮುತ್ತು ಮನೆಗೆ ಬಂದು ಮೊಪೆಡ್ ನಿಲ್ಲಿಸುತ್ತಿದ್ದಂತೆಯೇ ಮತ್ತೆ ಫೋನ್. ಪೆರುಂದುರೈ ಹತ್ತಿರ ನಿಂತಿದೆ. ಈ ಸಲ ಬಸ್ಸು ಹಿಡಿದು ಹೋದ. ಅಪ್ಪಿಕೊಂಡ, ಉಸ್ ಎಂದಿತು, ಅಳೆದ, ಹೊರಟಿತು. ಇದೇನು ನೋಡಿಯೇಬಿಡೋಣ ಎಂದು ತಾನೂ ಲಾರಿ ಹತ್ತಿ ಕೂತ. ಮೂರನೆಯ ಸಲ ಲಾರಿ ನಿಂತದ್ದು ಹೆದ್ದಾರಿಯಲ್ಲಿ ವಾಹನ ತಪಾಸಣೆ ನಡೆಯುತ್ತಿದ್ದ ಕಡೆ, ಸರಿಯಾಗಿ ಅಡ್ಡಗಟ್ಟೆಯ ಬಾಯಲ್ಲಿ. ಹಿಂದೆ ನಲವತ್ತು ಲಾರಿ ಹಾರ್ನು ಹೊಡೆಯತೊಡಗಿದವು. ದಪ್ಪ ಕನ್ನಡಕದ ಇನ್ಸ್‌ಪೆಕ್ಟರು ಓಡಿ ಬಂದರು.

"ಏನಯ್ಯಾ, ಜಾಗ ನೋಡಿ ನಿಲ್ಸಿದ್ಯಾ?"

"ಅದೇ ನಿಂತಿದ್ದು ಸಾರ್. ಒಂದು ನಿಮಿಷ," ಎಂದು ನಾಚಿಮುತ್ತು ಇಳಿದು ಟ್ಯಾಂಕನ್ನು ಅಪ್ಪಿಕೊಂಡ.

ಇನ್ಸ್‌ಪೆಕ್ಟರು ತಮ್ಮ ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಲಾರಿಯವರು ಲಾರಿಗೆ ಒದೆಯುವುದನ್ನು ಕಂಡಿದ್ದರು, ಶಪಿಸುವುದನ್ನು ಕಂಡಿದ್ದರು. ಅಪ್ಪಿಕೊಳ್ಳುವುದನ್ನು ಕಂಡಿರಲಿಲ್ಲ. ಲಾರಿ ಉಸ್ಸೆಂದು ಹೊರಟಾಗ ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಇದೇನಿದು?"

"ಒಡೆಯರ ಕೈಗುಣ ಸಾರ್," ಎಂದ ಸೆಂಗೋಡನ್, ಮುಖದ ಒಂದು ಗೆರೆಯೂ ಅಲ್ಲಾಡದಂತೆ.

ಇನ್ಸ್‌ಪೆಕ್ಟರು ದನಿ ತಗ್ಗಿಸಿದರು. "ನೋಡಪ್ಪಾ, ನಮ್ಮ ಇಲಾಖೆ ಜೀಪು ಎರಡು ದಿನದಿಂದ ಅಲ್ಲೇ ನಿಂತಿದೆ. ಮೆಕ್ಯಾನಿಕ್ಕಿಗೆ ಬರೆದು ಹಾಕಿದೀವಿ, ಮಂಜೂರಾಗಿ ಬರ್ಬೇಕು. ಒಂದು ಸಲ ನಿನ್ನ ಕೈ ಇಟ್ಟು ಹೋಗು."

ನಾಚಿಮುತ್ತು ಬೇಡ ಎನ್ನಲಾಗದೆ ಜೀಪಿನ ಮೂತಿಯ ಮೇಲೆ ಕೈ ಇಟ್ಟ. ಅದು ಹೊರಡಲಿಲ್ಲ. ಅಂಜಿಕೆಯಿಂದ ಇನ್ನೊಂದು ಕೈಯನ್ನೂ ಇಟ್ಟು ಜೋರಾಗಿ ಒತ್ತಿದ. ಒಳಗೆಲ್ಲೋ ಸಡಿಲವಾಗಿದ್ದ ತಂತಿಯೊಂದು ತನ್ನ ಜಾಗಕ್ಕೆ ಕೂತಿರಬೇಕು, ಜೀಪು ಗುರ್ರೆಂದು ಎದ್ದಿತು. ನಲವತ್ತು ಲಾರಿಗಳ ಡ್ರೈವರುಗಳು ಇಳಿದು ಬಂದು ನೋಡಿದರು. ನಲವತ್ತು ಲಾರಿ ಎಂದರೆ ನಲವತ್ತು ಊರು.

ಮೊಟ್ಟೆ ತ್ರಿಶೂರು ತಲುಪಿದಾಗ ರಾತ್ರಿ ಎಂಟು. ಔಸೇಫ್ ಮುದಲಾಳಿ ಕೇಳಿದರು.

ಮುಂದಿನ ವಾರ ನಾಚಿಮುತ್ತು ಮೊದಲಿನಿಂದಲೇ ಲಾರಿಯಲ್ಲಿ ಕೂತ. ಕೀಲಿ ಜೊತೆಗಿರುವಾಗ ಒಂದೊಂದು ನಿಲುಗಡೆ ಐದು ನಿಮಿಷದ ಮಾತು, ತಡವಾಗಬಾರದಿತ್ತು. ಆದರೆ ಲಾರಿ ನಿಲ್ಲುವ ಜಾಗದಲ್ಲೆಲ್ಲ ಜನ ಕಾದಿದ್ದರು. ತಿರುಚೆಂಗೋಡಿನಲ್ಲಿ ಎರಡು ಲಾರಿ, ಒಂದು ಟ್ರ್ಯಾಕ್ಟರು. ಪೆರುಂದುರೈಯಲ್ಲಿ ಐದು ಲಾರಿ, ಒಂದು ರುಬ್ಬುವ ಯಂತ್ರ, ಒಂದು ಹೊಲಿಗೆ ಯಂತ್ರ. ಅದರಾಚೆ ಒಬ್ಬ ಕೋಳಿ ಫಾರಂ ಮಾಲೀಕ ಬುಟ್ಟಿಯಲ್ಲಿ ಹನ್ನೆರಡು ಕೋಳಿ ತಂದು ನಿಂತಿದ್ದ.

"ಇವು ಮೊಟ್ಟೆ ಇಡೋದು ನಿಲ್ಸಿವೆ ಅಣ್ಣಾ."

"ನಾನು ಲಾರಿಯವನಪ್ಪ."

"ನಿಮ್ಮ ಲಾರೀಲಿ ಇರೋದೂ ಮೊಟ್ಟೇನೇ ಅಲ್ವಾ?"

ನಾಚಿಮುತ್ತು ಹನ್ನೆರಡು ಕೋಳಿಗಳನ್ನೂ ಒಂದೊಂದಾಗಿ ಅಪ್ಪಿಕೊಂಡ. ಸೆಂಗೋಡನ್ ಸ್ಟಿಯರಿಂಗಿನ ಮೇಲೆ ಗಲ್ಲವೂರಿ ನೋಡುತ್ತ ಕೂತಿದ್ದ.

"ಮಚ್ಚಾನ್, ನಿಜ ಹೇಳು. ನನ್ನ ಕೈಯಲ್ಲಿ ಏನೋ ಇದೆ ಅಲ್ವಾ?"

"ಇದೆಯಲ್ಲ ಮಾಮ. ಕೋಳಿ ಪುಕ್ಕ."

ಆ ದಿನ ಮೊಟ್ಟೆ ಇಳಿದದ್ದು ಏಳೂವರೆಗೆ. ಔಸೇಫ್ ಮುದಲಾಳಿ ಬೈದರು. ಮಲಯಾಳದಲ್ಲಿ ಶುರುಮಾಡಿ, ನಾಚಿಮುತ್ತುವಿಗೆ ಅರ್ಥವಾಗುತ್ತಿಲ್ಲವೆಂದು ತಿಳಿದು ಮತ್ತೆ ಮೊದಲಿಂದ ತಮಿಳಿನಲ್ಲಿ ಬೈದರು. "ಮುಂದಿನ ಬುಧವಾರ ನಾಲ್ಕು ಗಂಟೆ. ನಾಲ್ಕೂ ಒಂದು ನಿಮಿಷಕ್ಕೆ ಬಂದ್ರೆ ಮೊಟ್ಟೆ ವಾಪಸ್ ತಗೊಂಡು ಹೋಗು, ಮತ್ತೆ ಬರ್ಬೇಡ."

ಊರಿಗೆ ಬಂದರೆ ನಾಚಿಮುತ್ತು ಬೇರೆಯೇ ಮನುಷ್ಯ. ಚಹಾದಂಗಡಿಯಲ್ಲಿ ಅವನಿಗೆ ಕುರ್ಚಿ ಬಿಟ್ಟುಕೊಡುತ್ತಿದ್ದರು. ಅವನೂ ಬಿಳಿ ಅಂಗಿ ತೊಟ್ಟು, ಹಣೆಗೆ ಅಗಲವಾಗಿ ವಿಭೂತಿ ಬಳಿದು, ಕೈ ಮಾಸದಿರಲೆಂದು ಮೊಪೆಡ್ಡನ್ನೂ ಬೇರೆಯವರಿಂದ ತಳ್ಳಿಸುತ್ತಿದ್ದ. ಮೆಕ್ಯಾನಿಕ್ಕಿಗೆ ತೋರಿಸು ಎಂದು ಯಾರೋ ಹೇಳಿದ್ದಕ್ಕೆ ಒಮ್ಮೆ ಹೋಗಿ ಬಂದಿದ್ದ. ಷೆಡ್ಡಿನಲ್ಲಿ ಲಾರಿ ಗಡಿಯಾರದಂತೆ ಓಡಿತು. "ಓಡೋ ಗಾಡಿಗೆ ನಾನು ಕೈ ಹಾಕಲ್ಲ, ನಿಂತಾಗ ತಗೊಂಬಾ," ಎಂದ ಮೆಕ್ಯಾನಿಕ್. ನಿಂತ ಲಾರಿಯನ್ನು ತರುವುದು ಹೇಗೆಂದು ನಾಚಿಮುತ್ತುವೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಮನೆಯಲ್ಲಿ ಪಾವಾಯಿ ಎಮ್ಮೆಯೊಂದಿಗೆ ಮಾತು ಮುಂದುವರಿಸಿದ್ದಳು. "ಊರಿನ ಲಾರಿಯೆಲ್ಲ ಓಡಿಸ್ತಾರಂತೆ. ಮನೆ ಲಾರಿ ಮಾತ್ರ ಹತ್ತು ಮೈಲಿಗೊಂದು ಕಡೆ ಕೂರುತ್ತೆ. ಮೊಟ್ಟೆ ಹೋಯ್ತು ಅಂದ್ರೆ ನಿನ್ನನ್ನ ಮಾರ್ಬೇಕಾಗುತ್ತೆ. ಆಮೇಲೆ ನಾನು ಯಾರ ಜೊತೆ ಮಾತಾಡ್ಲಿ?"

ಸೋಮವಾರ ವೈಯಾಪುರಿ ಹಣ್ಣಿನ ತಟ್ಟೆ ಹಿಡಿದು ಮನೆಗೇ ಬಂದ.

"ಹತ್ತನೇ ಲಾರಿ ತಗೊಂಡಿದೀನಿ ನಾಚಿಮುತ್ತು. ಬುಧವಾರ ಎಂಟರಿಂದ ಎಂಟೂವರೆ ಒಳಗೆ ಮುಹೂರ್ತ. ನೀನೇ ಬಂದು ಮೊದಲ ಕೈ ಇಡ್ಬೇಕು. ಮೈಕು, ಹಾರ, ಎಲ್ಲ ಇದೆ."

"ಬುಧವಾರ ನನ್ನ ಮೊಟ್ಟೆ ಇದೆಯಲ್ಲ."

"ಮುಗಿದ ಕೂಡ್ಲೇ ನನ್ನ ಕಾರಲ್ಲೇ ಕಳಿಸ್ತೀನಿ. ಲಾರಿಗಿಂತ ಮೊದಲೇ ಹೋಗಿ ರಸ್ತೇಲಿ ನಿಂತ್ಕೋ."

ನಾಚಿಮುತ್ತು ಹಾರದ ಬಗ್ಗೆ ಯೋಚಿಸಿದ. ಈವರೆಗೆ ಅವನ ಕೊರಳಿಗೆ ಹಾರ ಬಿದ್ದದ್ದು ಮದುವೆಯ ದಿನ ಒಂದು ಸಲ. ಆಗಲೂ ಎಲ್ಲರೂ ಹುಡುಗಿಯನ್ನೇ ನೋಡುತ್ತಿದ್ದರು. ಒಪ್ಪಿಕೊಂಡ.

ಬುಧವಾರ ಏಳಕ್ಕೆ ಸೆಂಗೋಡನ್ ಒಬ್ಬನೇ ಮೊಟ್ಟೆ ಹೊತ್ತು ಹೊರಟ. ಹೊರಡುವಾಗ, "ಕೀಲಿ?" ಎಂದು ಒಂದೇ ಮಾತು ಕೇಳಿದ.

"ಕೀಲಿಯಲ್ಲಿ ಏನಿದೆ ಮಚ್ಚಾನ್," ಎಂದ ನಾಚಿಮುತ್ತು ಮರುಕದಿಂದ. "ಕೈ ಬೇಕಲ್ಲ, ಕೈ. ನಿಧಾನವಾಗಿ ಹೋಗು, ಹಿಂದೇನೇ ಬರ್ತೀನಿ."

ಚಹಾದಂಗಡಿಯ ಮುಂದೆ ಶಾಮಿಯಾನ ಹಾಕಿದ್ದರು. ಇನ್ನೂರು ಜನ, ನಾಲ್ಕು ದಿಕ್ಕಿಗೂ ಧ್ವನಿವರ್ಧಕ. ಹೆಂಗಸರ ಸಾಲಿನ ಕೊನೆಯಲ್ಲಿ ಪಾವಾಯಿ ಕೂತಿದ್ದಳು. ಕರೆದವರು ವೈಯಾಪುರಿಯ ಹೆಂಡತಿಯಾದ್ದರಿಂದ ಬಂದಿದ್ದಳು. ಹೊಸ ಲಾರಿ ಹೂವಿನ ಕೆಳಗೆ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ಮೊದಲು ಸಂಘದ ವರದಿ, ಆಮೇಲೆ ವೈಯಾಪುರಿಯ ಭಾಷಣ. ಎಂಟೂಕಾಲಾಯಿತು. ಕಾರು ಎಲ್ಲಿ ಎಂದು ನಾಚಿಮುತ್ತು ಸನ್ನೆ ಮಾಡಿ ಕೇಳಿದ. ಹಾರ ತರಲು ಹೋಗಿದೆ ಎಂದು ವೈಯಾಪುರಿ ಸನ್ನೆಯಲ್ಲೇ ಹೇಳಿದ. ನಾಚಿಮುತ್ತುವಿನ ಕೊರಳಲ್ಲಿ ಆಗಲೇ ಮೂರು ಹಾರಗಳಿದ್ದವು.

"ಈಗ ನಮ್ಮ ಕೈಗುಣದ ಅಣ್ಣನವರು ಎರಡು ಮಾತಾಡ್ತಾರೆ," ಎಂದು ಮೈಕನ್ನು ಅವನ ಕೈಗೆ ಕೊಟ್ಟರು.

ಅವನು ಮೈಕು ಹಿಡಿದು ಗಂಟಲು ಸರಿಮಾಡಿಕೊಂಡದ್ದು ಊರಿನ ನಾಲ್ಕೂ ಮೂಲೆಗೆ ಕೇಳಿಸಿತು. ಅಷ್ಟರಲ್ಲಿ ಜೇಬಿನ ಫೋನ್ ಹೊಡೆದುಕೊಂಡಿತು. ಅದು ಹಳೆಯ ಫೋನು, ಕಿವಿಗಿಟ್ಟರೆ ಏನೂ ಕೇಳುತ್ತಿರಲಿಲ್ಲ. ದೊಡ್ಡ ದನಿಗೆ ಹಾಕಿ ಬಾಯಿಯ ಮುಂದೆ ಹಿಡಿಯಬೇಕು. ಹಾಗೆಯೇ ಹಿಡಿದ. ಬಾಯಿಯ ಮುಂದೆ ಮೈಕೂ ಇತ್ತು.

"ಮಾಮ, ನಿಂತಿದೆ," ಎಂದಿತು ಸೆಂಗೋಡನ್‌ನ ದನಿ, ನಾಲ್ಕು ಧ್ವನಿವರ್ಧಕಗಳಿಂದ.

"ಎಲ್ಲಿ?"

"ಎಳನೀರಮ್ಮನ ಮುಂದೆ. ಮಾಮೂಲಿ ಜಾಗ."

"ಇರು, ಬರ್ತೀನಿ."

"ನೀವು ಬರೋಷ್ಟರಲ್ಲಿ ಹತ್ತು ಗಂಟೆ. ಆಮೇಲೆ ಇನ್ನೂ ಐದು ಕಡೆ ನಿಲ್ಲುತ್ತೆ, ಐದು ಕಡೇನೂ ನಿಮಗೆ ಕೋಳಿ ಹಿಡ್ಕೊಂಡು ಕಾಯ್ತಿರ್ತಾರೆ. ಇವತ್ತು ತಡವಾದ್ರೆ ಮುದಲಾಳಿ ಬೇರೆ ಲಾರಿ ನೋಡ್ಕೋತಾರೆ. ನೋಡಿಟ್ಟಿದ್ದೂ ಆಗಿದೆಯಂತೆ. ಈಗಷ್ಟೇ ಅವರೇ ಹೇಳಿದ್ರು."

"ಯಾರ್ದು?"

"ವೈಯಾಪುರಿಯವರ್ದು. ಹೊಸದೊಂದು ತಗೊಂಡಿದಾರಂತಲ್ಲ."

ಇನ್ನೂರು ಜನ ಹೂವಿನ ಕೆಳಗಿದ್ದ ಲಾರಿಯ ಕಡೆ ತಿರುಗಿದರು. ವೈಯಾಪುರಿ ಹಾರದ ಹೂವುಗಳನ್ನು ಒಂದೊಂದಾಗಿ ಎಣಿಸತೊಡಗಿದ.

ನಾಚಿಮುತ್ತುವಿಗೆ ಮೈಕು ಮರೆತೇಹೋಗಿತ್ತು. "ಏನ್ ಮಾಡೋದು ಮಚ್ಚಾನ್?" ಎಂದ ಸಣ್ಣ ದನಿಯಲ್ಲಿ. ಸಣ್ಣ ದನಿ ದೂರದ ಬಸ್ ನಿಲ್ದಾಣದವರೆಗೆ ಹೋಯಿತು.

"ಒಂದು ಮೊಳೆ ಸಾಕು ಮಾಮ. ಮುಚ್ಚಳಕ್ಕೆ ಗಾಳಿ ಹೋಗೋ ತೂತಿಲ್ಲ. ಡೀಸೆಲ್ ಇಳಿದಷ್ಟೂ ಮೇಲಿಂದ ಗಾಳಿ ಬರ್ಬೇಕು. ಬರ್ದಿದ್ರೆ ಉಸಿರುಕಟ್ಟಿ ನಿಲ್ಲುತ್ತೆ. ನಾನು ಕದ್ದಿದೀನಾ ಅಂತ ಕೋಲು ಇಳಿಸಿ ನೋಡೋದಕ್ಕೆ ನೀವು ಮುಚ್ಚಳ ತೆಗೀತೀರ. ಗಾಳಿ ಹೋಗುತ್ತೆ, ಲಾರಿ ಹೊರಡುತ್ತೆ. ನಿಮ್ಮ ಕೈಯ್ದು ಏನೂ ಇಲ್ಲ."

"ಇದು ನಿಂಗೆ ಯಾವಾಗ ಗೊತ್ತಾಯ್ತು?"

"ಮೊದಲನೇ ದಿನಾನೇ."

"ಮತ್ಯಾಕೆ ಹೇಳ್ಲಿಲ್ಲ?"

"ಮುಚ್ಚಳ ನಿಮ್ದು, ಕೀಲಿ ನಿಮ್ದು. ನಾನು ಬಾಯಿಬಿಟ್ರೆ ಇವನಿಗೆ ಟ್ಯಾಂಕಿನ ಮೇಲೇ ಕಣ್ಣು ಅಂತೀರ. ಈಗಲೂ ನೀವು ಹೇಳದೆ ಮುಟ್ಟಲ್ಲ ಮಾಮ. ಎಳನೀರಮ್ಮ ಮೊಳೆ ಕೊಟ್ಟಿದಾರೆ, ಕೈಯಲ್ಲಿ ಕಲ್ಲಿದೆ. ಹೇಳಿ."

ನಾಚಿಮುತ್ತು ಎದುರಿಗಿದ್ದ ಇನ್ನೂರು ಮುಖ ನೋಡಿದ. ಹೇಳಿದರೆ ಕುರ್ಚಿ ಹೋಯಿತು, ಹಾರ ಹೋಯಿತು, ಚಹಾದಂಗಡಿಯಲ್ಲಿ ಇನ್ನು ಇಪ್ಪತ್ತು ವರ್ಷ ನಗಲು ಸಾಕಾಗುವಷ್ಟು ಸಾಮಗ್ರಿ ಅವರಿಗೆ ಸಿಕ್ಕಂತಾಯಿತು. ಹೇಳದಿದ್ದರೆ ಮೊಟ್ಟೆ ಹೋಯಿತು. ಹೆಂಗಸರ ಸಾಲಿನ ಕೊನೆಯಲ್ಲಿ ಪಾವಾಯಿ ಎದ್ದು ನಿಂತಿದ್ದಳು. ಎಮ್ಮೆ ಪಕ್ಕದಲ್ಲಿಲ್ಲದ ಕಾರಣ ಅವಳು ಏನೂ ಹೇಳುವಂತಿರಲಿಲ್ಲ. ನೋಡುತ್ತಿದ್ದಳು ಅಷ್ಟೆ.

"ಮಚ್ಚಾನ್," ಎಂದ ನಾಚಿಮುತ್ತು, "ನಿನ್ನ ಮೇಲೆ ಅನುಮಾನ ಪಟ್ಟಿದ್ದು ನನ್ನ ತಪ್ಪು. ನೀನು ಒಂದು ಹನಿಯೂ ಮುಟ್ಟಿಲ್ಲ, ಪ್ರತಿ ಸಲ ಅಳೆದಿದೀನಿ. ಹೊಡಿ."

ಟಕ್. ಟಕ್. ಮೂರನೆಯ ಟಕ್ ಸ್ವಲ್ಪ ಒಡಕಾಗಿ ಬಂತು. ಆಮೇಲೆ ಆ ದೊಡ್ಡ ನಿಟ್ಟುಸಿರು, "ಉಸ್ಸ್ಸ್ಸ್", ಊರಿನ ನಾಲ್ಕೂ ದಿಕ್ಕಿಗೆ ಹರಡಿತು. ಮಲಗಿದ್ದ ನಾಯಿಗಳು ಎದ್ದು ಕೂತವು. ಕೈಪಂಪಿನ ಕಿರಿಕಿರಿ, ಬಾಗಿಲು ಹಾಕಿದ ಸದ್ದು, ಆಮೇಲೆ ಇಂಜಿನ್ನಿನ ಗುಡುಗು.

"ಹೊರಟೆ ಮಾಮ," ಎಂದಿತು ಫೋನು.

ನಾಚಿಮುತ್ತು ಹಾರಗಳನ್ನು ತೆಗೆಯಲು ಕೈ ಎತ್ತಿದ. ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕ ನಿಧಾನವಾಗಿ ಹೇಳಿದ:

"ಫೋನಲ್ಲೇ."

"ಏನಂದ್ರಿ?"

"ಮೂವತ್ತೈದು ಕಿಲೋಮೀಟರ್ ಆಚೆ ನಿಂತ ಲಾರಿ. ಇಲ್ಲಿಂದ ಹೊಡಿ ಅಂದ್ರು. ಎದ್ದೇಬಿಡ್ತು. ಮೊದಲಾದ್ರೂ ಕೈ ಇಡ್ಬೇಕಿತ್ತು. ಈಗ ಫೋನಲ್ಲೇ."

"ಅವನು ಮೊಳೆ ಹೊಡೆದದ್ದು ಅಜ್ಜಾ," ಎಂದ ನಾಚಿಮುತ್ತು ಮೈಕಿನಲ್ಲಿ. "ತೂತು. ಗಾಳಿ. ನೀವೇ ಕೇಳಿದ್ರಲ್ಲ."

"ಮೊಳೆ ನಾನೂ ಹೊಡೀತೀನಿ. ನಾನು ಹೊಡೆದ್ರೆ ಹೊರಡುತ್ತಾ?"

ಇದರಲ್ಲಿ ಅರ್ಥವಿದೆ ಎಂದು ಇನ್ನೂರು ಜನಕ್ಕೂ ತೋರಿತು. ಇಂಥ ಶಕ್ತಿಯಿದ್ದವರು ತಮಗೇನೂ ಇಲ್ಲವೆಂದೇ ಹೇಳುತ್ತಾರೆ, ಇದ್ದರೆ ತಾನೇ ಹಾಗೆ ಹೇಳುವುದು ಎಂದು ಯಾರೋ ವಿವರಿಸಿದರು. ನಾಚಿಮುತ್ತು ತೂತಿನ ವಿಷಯವನ್ನು ಮತ್ತೆರಡು ಸಲ ಬಿಡಿಸಿ ಹೇಳಿದ. ಹೇಳಿದಷ್ಟೂ ಅವರ ಕಣ್ಣಲ್ಲಿ ಭಕ್ತಿ ಹೆಚ್ಚಿತು. ಮನೆಗೆ ಹೊರಟಾಗ ಅವನ ಕೊರಳಲ್ಲಿ ಏಳು ಹಾರಗಳಿದ್ದವು. ವೈಯಾಪುರಿಯ ಹೊಸ ಲಾರಿಗೆ ಕೈ ಇಡುವುದನ್ನು ಎಲ್ಲರೂ ಮರೆತಿದ್ದರು. ನೆನಪಿದ್ದ ವೈಯಾಪುರಿಗೆ ಕೇಳುವ ಮುಖವಿರಲಿಲ್ಲ.

ಮನೆಯಲ್ಲಿ ಫೋನ್ ಬಿಡುವಿಲ್ಲದೆ ಹೊಡೆದುಕೊಳ್ಳುತ್ತಿತ್ತು. "ಅಣ್ಣಾ, ಇಂಜಿನ್ ಹತ್ರ ಹಿಡಿದಿದೀನಿ, ಒಂದು ಮಾತು ಹೇಳಿ." "ಅಣ್ಣಾ, ನೀರಿನ ಮೋಟಾರು." ನಾಚಿಮುತ್ತು ಎಲ್ಲರಿಗೂ ತೂತಿನ ಕಥೆ ಹೇಳಿ ಹೇಳಿ, ಮೂರೂವರೆಯ ಹೊತ್ತಿಗೆ ದನಿ ಬಿದ್ದು, ಅನ್ನ ಹುರುಳಿ ಸಾರಿನ ಮುಂದೆ ಕೂತ. ಗಡಿಯಾರ ಎದುರಿಗಿತ್ತು. ಕಲಸಿದ್ದನ್ನೇ ಕಲಸುತ್ತಿದ್ದ.

ಮೂರು ಗಂಟೆ ನಲವತ್ತು ನಿಮಿಷಕ್ಕೆ ಮತ್ತೆ ಫೋನ್ ಬಂತು. ತ್ರಿಶೂರಿನಿಂದ.

"ನಾಚಿಮುತ್ತು, ಮೊಟ್ಟೆ ಇಳೀತಾ ಇದೆ," ಎಂದರು ಔಸೇಫ್ ಮುದಲಾಳಿ. "ಒಂದೂ ಒಡೆದಿಲ್ಲ. ಆ ಇನ್ನೊಬ್ಬನಿಗೆ ಬೇಡ ಅಂತ ಹೇಳ್ಬಿಟ್ಟೆ. ಮುಂದಿನ ಬುಧವಾರವೂ ನಿನ್ನ ಲಾರೀನೇ ಕಳಿಸು."

ನಾಚಿಮುತ್ತು ಕಣ್ಣು ಮುಚ್ಚಿಕೊಂಡ. ಗೋಡೆಗೊರಗಿ ನಿಂತಿದ್ದ ಪಾವಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇನ್ನೊಂದು ವಿಷಯ," ಎಂದು ಮುದಲಾಳಿ ದನಿ ತಗ್ಗಿಸಿದರು. "ನಮ್ಮ ಅಂಗಡಿ ಫ್ರಿಜ್ಜು ಎರಡು ದಿನದಿಂದ ಓಡ್ತಿಲ್ಲ. ನಿಮ್ಮ ಊರಿನ ಡ್ರೈವರುಗಳು ಎಲ್ಲ ಹೇಳಿದ್ರು. ಫೋನ್ ಅದರ ಪಕ್ಕದಲ್ಲೇ ಇಟ್ಟಿದೀನಿ."

"ಮುದಲಾಳಿ, ಅದು ನನ್ನ ಕೈಯ್ದಲ್ಲ. ಮೊಳೇದು."

"ಗೊತ್ತು, ಗೊತ್ತು. ನೀನು ಹೇಳು."

ನಾಚಿಮುತ್ತು ಹೆಂಡತಿಯ ಮುಖ ನೋಡಿದ. ಪಾವಾಯಿ ಒಮ್ಮೆ ಕೊಟ್ಟಿಗೆಯ ಕಡೆ ನೋಡಿ, ಆಮೇಲೆ ಗಂಡನ ಕಡೆ ತಿರುಗಿದಳು.

"ಹೇಳ್ಬಿಡಿ ಏನೂಂದ್ರೆ," ಎಂದಳು ಮೆಲ್ಲಗೆ. "ಬಾಡಿಗೆ ಕೊಡೋರು. ಸಾರು ಆರುತ್ತೆ."

ನಾಚಿಮುತ್ತು ಎಂಜಲು ಕೈಯನ್ನು ತಟ್ಟೆಯ ಮೇಲೆ ಹಿಡಿದುಕೊಂಡು ಫೋನಿನ ಹತ್ತಿರ ಬಗ್ಗಿದ.

"ಹೊಡಿ," ಎಂದ.

ತ್ರಿಶೂರಿನಲ್ಲಿ ಯಾರೋ ಯಾವುದಕ್ಕೋ ಬಲವಾಗಿ ಹೊಡೆದ ಸದ್ದು ಕೇಳಿಸಿತು.